ನಾಲ್ಕನೆಯ ಕಲಮು ಮತ್ತು ನಮ್ಮವ್ವನ ರೊಟ್ಟಿ

ನಮ್ಮ ಕಾಲೋನಿಯ ಬಾಗಿಲಲ್ಲಿ ಒಂದು ಬೋರ್ಡಿದೆ. ಹಸಿರು ತಗಡು, ಬಿಳಿ ಅಕ್ಷರ; ಮೇಲೆ ತೆಲುಗು, ಕೆಳಗೆ ಇಂಗ್ಲಿಷು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಇಲ್ಲಿ ಯಾರು ಯಾವ ಸದ್ದು ಮಾಡಬಾರದು ಎಂಬುದನ್ನು ಅದು ಏಳು ಕಲಮುಗಳಲ್ಲಿ ಹೇಳುತ್ತದೆ. ಆ ಏಳನ್ನೂ ಬರೆದವನು ನಾನು. ಅವುಗಳಲ್ಲಿ ನಾಲ್ಕನೆಯದರ ಅಡಿ ಸಿಕ್ಕಿಬಿದ್ದ ಮೊಟ್ಟಮೊದಲ ಅಪರಾಧಿ ನಮ್ಮವ್ವ. ಇಷ್ಟನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಉಳಿದದ್ದನ್ನು ಸಿಟ್ಟಿನಿಂದ ಹೇಳಲು ನನಗೆ ಅನುಕೂಲ. ತಪ್ಪೊಪ್ಪಿಕೊಂಡವನ ಸಿಟ್ಟಿಗೆ ಮರ್ಯಾದೆ ತುಸು ಹೆಚ್ಚು.

ಊರಿನ ಬಂಧುಬಳಗಕ್ಕೆಲ್ಲ ನಾನು ಆಂಧ್ರಪ್ರದೇಶದ ರಾಜಧಾನಿಯಲ್ಲಿರುವ ಮನುಷ್ಯ. ಆದರೆ ರಾಜಧಾನಿ ಮುಗಿದ ಮೇಲೆ ಲಿಂಗಂಪಲ್ಲಿ ಬರುತ್ತದೆ, ಲಿಂಗಂಪಲ್ಲಿ ಮುಗಿದ ಮೇಲೆ ಒಂದಿಷ್ಟು ಬಂಡೆಗಲ್ಲು ಬರುತ್ತವೆ, ಬಂಡೆಗಲ್ಲಿಗೂ ಬೇಸರ ಬಂದು ನಿಂತ ಜಾಗದಲ್ಲಿ ನಮ್ಮ ಕಾಲೋನಿ ಶುರುವಾಗುತ್ತದೆ. ಮೂವತ್ತು ಮನೆ, ಮನೆಗೊಂದು ಕಾಂಪೌಂಡು, ಕಾಂಪೌಂಡಿಗೊಂದು ಕರಿಬೇವಿನ ಗಿಡ. ಹೆಚ್ಚಿನವರು ನಿವೃತ್ತರು, ಇಲ್ಲವೇ ನನ್ನ ಹಾಗೆ ನಿವೃತ್ತಿಯ ದಾರಿ ಕಾಯುವವರು. ಪ್ಲಾಟು ಮಾರಿದವನು ಕೊಟ್ಟ ಕಾಗದದಲ್ಲಿ ನೀರು, ರಸ್ತೆ, ಚರಂಡಿ, ಪ್ರಶಾಂತ ವಾತಾವರಣ ಎಂದು ನಾಲ್ಕು ಭರವಸೆಗಳಿದ್ದವು. ಮೊದಲ ಮೂರು ಬರಲಿಲ್ಲ. ಅದಕ್ಕೇ ಇರಬೇಕು, ಬಂದ ಒಂದನ್ನು ಜೀವ ಹೋದರೂ ಬಿಡಬಾರದೆಂದು ನಾವೆಲ್ಲ ಸೇರಿ ಹಿಡಿದುಕೊಂಡೆವು.

ಅದಕ್ಕೂ ಮೊದಲು ಹದಿನಾರು ವರ್ಷ ನಾವು ಸನತ್‌ನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಹಿಂದೆ ತಗಡು ಒತ್ತುವ ಕಾರ್ಖಾನೆ, ಪಕ್ಕಕ್ಕೆ ಲೇತ್ ಅಂಗಡಿ, ಎದುರಿಗೆ ಲಾರಿ ರಿಪೇರಿ. ಗೋಡೆಗೆ ಹಾಕಿದ ಕ್ಯಾಲೆಂಡರು ಇಡೀ ದಿನ ತಾನಾಗಿ ಅಲುಗುತ್ತಿತ್ತು. ಮನೆಯಲ್ಲಿ ನಾವು ಮಾತಾಡುತ್ತಿದ್ದುದನ್ನು ಹೊರಗಿನಿಂದ ಯಾರಾದರೂ ಕೇಳಿದ್ದರೆ ಜಗಳವೆಂದು ತಿಳಿದು ಬಿಡಿಸಲು ಬರುತ್ತಿದ್ದರು. ಆದರೆ ಹೊರಗಿನಿಂದ ಏನೂ ಕೇಳುತ್ತಿರಲಿಲ್ಲ. ಇಷ್ಟೆಲ್ಲದರ ನಡುವೆ ನನಗೆ ಸೊಂಪಾಗಿ ನಿದ್ದೆ ಬರುತ್ತಿತ್ತು. ಈಗ ಯೋಚಿಸಿದರೆ ಕಾರಣ ಹೊಳೆಯುತ್ತದೆ. ನಾನು ಹುಟ್ಟಾ ಚಿಂತೆಯ ಮನುಷ್ಯ. ಚಿಂತೆ ಮಾಡುವವನಿಗೆ ಗದ್ದಲವೆಂದರೆ ಕಂಬಳಿ ಇದ್ದ ಹಾಗೆ. ಒಳಗೆ ಹೊಕ್ಕು ಮುಸುಕು ಹಾಕಿಕೊಂಡರೆ ತೀರಿತು. ಯಾವ ಸದ್ದನ್ನೂ ಬೇರೆಯಾಗಿ ಆರಿಸಿ ಅದರ ಬಗ್ಗೆ ಕಳವಳಪಡುವ ಹಾಗೇ ಇರಲಿಲ್ಲ.

ಈ ಶಾಂತ ಕಾಲೋನಿಗೆ ಬಂದ ಮೇಲೆ ಆ ಕಂಬಳಿ ಹೋಯಿತು. ಭಾನುವಾರ ಮಧ್ಯಾಹ್ನ ಊಟ ಮಾಡಿ ಅಡ್ಡಾದರೆ ಗೋಡೆಯ ಮೇಲಿನ ಹಲ್ಲಿ ಹೆಜ್ಜೆಯಿಡುವುದು ಕೇಳುತ್ತದೆ. ಟ್ಯಾಂಕಿನಿಂದ ಒಂದು ಹನಿ ಬಿದ್ದರೆ, ಎರಡನೆಯದು ಯಾಕೆ ಬೀಳಲಿಲ್ಲ ಎಂದು ಎದ್ದು ಕೂಡುತ್ತೇನೆ. ಮೂರು ಮನೆ ಆಚೆಯವರು ಕೆಮ್ಮಿದರೆ ಅವರ ಎದೆಯ ಬಗ್ಗೆ ಚಿಂತೆ. ಎರಡು ದಿನ ಕೆಮ್ಮದಿದ್ದರೆ ಅವರ ಬಗ್ಗೆಯೇ ಚಿಂತೆ. ನನ್ನ ನಾಡಿ ದಿಂಬಿನೊಳಗಿನಿಂದ ನನಗೇ ಕೇಳಿಸತೊಡಗಿದ ದಿನ ಡಾಕ್ಟರ ಹತ್ತಿರ ಹೋದೆ. ಅವರು ರಕ್ತದೊತ್ತಡದ ಗುಳಿಗೆ ಕೊಟ್ಟು, "ಶಾಂತವಾದ ಜಾಗದಲ್ಲಿ ಇರಿ" ಎಂದರು.

ಇಂಥ ಮನುಷ್ಯನನ್ನು ನಮ್ಮವರು ಕಾಲೋನಿಯ ಸಂಘಕ್ಕೆ ಸೆಕ್ರೆಟರಿ ಮಾಡಿದರು. ಕಾರಣ, ನಾನು ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ತಪಾಸಣೆಯ ವಿಭಾಗದವನು. ನಿಯಮ ಬರೆಯುವುದೇ ನನ್ನ ಅನ್ನ. ಒಂದು ತಿರುಪುಮೊಳೆ ಎಷ್ಟು ಬಗೆಯಲ್ಲಿ ಕೆಡಬಹುದೆಂದು ಮೊದಲೇ ಊಹಿಸಿ, ಒಂದೊಂದು ಬಗೆಗೂ ಒಂದೊಂದು ಕಲಮು ಬರೆದು, ಕೆಟ್ಟ ಮೊಳೆ ಯಾವ ಸಂದಿಯಿಂದಲೂ ಪಾರಾಗದಂತೆ ಮಾಡುವುದು ನಮ್ಮ ವಿಭಾಗದ ಕಸುಬು. ಪಕ್ಕದ ಖಾಲಿ ಪ್ಲಾಟಿನಲ್ಲಿ ಯಾರೋ ಬಡಗಿಯನ್ನು ಕೂರಿಸುತ್ತಾರಂತೆ ಎಂಬ ಗಾಳಿಮಾತು ಕೇಳಿ ಹೆದರಿದ್ದ ನಾನು ನಾಲ್ಕನೆಯ ಕಲಮಿಗೆ ನನ್ನ ಇಡೀ ಅನುಭವವನ್ನು ಸುರಿದೆ. 'ಕುಟ್ಟುವ, ಬಡಿಯುವ, ತಟ್ಟುವ, ಜಜ್ಜುವ, ಅಥವಾ ಒಂದೇ ಬಗೆಯಲ್ಲಿ ಮರುಕಳಿಸುವ ಯಾವುದೇ ಸದ್ದು, ಅದು ಕೈಯಿಂದ ಆಗಲಿ, ಸಲಕರಣೆಯಿಂದ ಆಗಲಿ.' ಸಂಘದ ಅಧ್ಯಕ್ಷರಾದ ಮೂರ್ತಿಗಾರು, ನಿವೃತ್ತ ಇಂಜಿನಿಯರು, ಓದಿ ಕನ್ನಡಕ ತೆಗೆದು, "ಸೆಕ್ರೆಟರಿಗಾರೂ, ಇರುವೆ ಕೂಡ ನುಸುಳುವ ಹಾಗಿಲ್ಲ" ಎಂದರು. ಆ ಮೆಚ್ಚುಗೆಯಲ್ಲಿ ಒಂದು ವಾರ ನನ್ನ ರಕ್ತದೊತ್ತಡ ಸರಿಯಾಗಿತ್ತು.

ಹಳೆಯ ಕಾಲದ ಋಷಿಗಳು ಶಾಂತಿ ಹುಡುಕಿಕೊಂಡು ಕಾಡಿಗೆ ಹೋದರು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಕಾಡಿನಲ್ಲಿ ಒಂದು ಹಗಲು ಕೂತು ನೋಡಿದವರಿಗೆ ಗೊತ್ತು, ಅದರಷ್ಟು ಗದ್ದಲದ ಊರು ಇನ್ನೊಂದಿಲ್ಲ. ಮರಕುಟಿಗಕ್ಕೆ ಯಾವ ಕಲಮೂ ಇಲ್ಲ. ನನಗೆ ಅನಿಸುವ ಹಾಗೆ ಋಷಿಗಳು ಬೇಸತ್ತದ್ದು ಸದ್ದಿಗಲ್ಲ, ಸಂಘಕ್ಕೆ. ಅದಿರಲಿ. ಗೆಜ್ಜೆಯ ಸದ್ದಿಗೆ ಕಣ್ಣುಬಿಟ್ಟು ಶಾಪ ಕೊಟ್ಟವರೂ ಅವರೊಳಗೆ ಇದ್ದರಲ್ಲ, ಅವರನ್ನು ನೆನೆದೇ ನಾನು ಏಳನೆಯ ಕಲಮು ಬರೆದದ್ದು: ಶಾಪ ಕೊಡುವ ಹಾಗಿಲ್ಲ, ದೂರನ್ನು ಬರಹದಲ್ಲಿ ಸೆಕ್ರೆಟರಿಗೇ ಸಲ್ಲಿಸಬೇಕು.

ಬೋರ್ಡು ನಿಂತು ತಿಂಗಳಾಗಿರಲಿಲ್ಲ, ಮೊದಲ ದೂರು ಬಂತು. ಸ್ವತಃ ಅಧ್ಯಕ್ಷರದೇ. ದಿನಾ ಮಧ್ಯಾಹ್ನ ಎರಡೂವರೆಯಿಂದ ಕಾಲೋನಿಯ ಹಿಂದಿನ ಸಾಲಿನಲ್ಲಿ ಏನನ್ನೋ ಬಡಿಯುವ ಸದ್ದು ಕೇಳುತ್ತಿದೆ. ಸದ್ದು ಒಂದೇ ಸಮನೆ ಇದೆ, ನಡುವೆ ತುಸು ನಿಂತು ಮತ್ತೆ ಶುರುವಾಗುತ್ತದೆ. ಯಾರೋ ಮನೆಯೊಳಗೆ ಗುಟ್ಟಾಗಿ ಚರ್ಮದ ಇಲ್ಲವೇ ತಗಡಿನ ಕೆಲಸ ನಡೆಸುತ್ತಿರಬಹುದು ಎಂದು ಅದರ ಸಾರ. ಓದಿ ನನ್ನ ಮೈ ಉರಿಯಿತು. ಶಾಂತ ಕಾಲೋನಿಯಲ್ಲಿ ಕಳ್ಳ ಕಾರ್ಖಾನೆ! ಆ ಹೊತ್ತಿಗೆ ನಾನು ಕೆಲಸದಲ್ಲಿರುತ್ತೇನೆ, ನನ್ನ ಹೆಂಡತಿ ಸರೋಜಾ ಕೂಕಟ್‌ಪಲ್ಲಿಯ ಶಾಲೆಯಲ್ಲಿ ಪಾಠ ಹೇಳುತ್ತಿರುತ್ತಾಳೆ. ಹಿಂದಿನ ಸಾಲಿನಲ್ಲೇ ಮನೆಯಿದ್ದರೂ ನಮಗೆ ತಿಳಿಯುವ ಬಗೆಯಿಲ್ಲ. ಅವ್ವನನ್ನು ಕೇಳಿದೆ.

"ಅವ್ವಾ, ಮಧ್ಯಾಹ್ನ ಇಲ್ಲೆ ಯಾರರೆ ಏನರೆ ಬಡಿಯೂ ಸಪ್ಪಳ ಕೇಳಸ್ತೈತೇನು?"

"ಇಲ್ಲಪಾ. ಇಲ್ಲಿ ಒಂದು ಕಾಗಿ ಸೈತ ಒದರಂಗಿಲ್ಲ," ಎಂದಳು ಅವ್ವ, ಕೊರಗುವ ದನಿಯಲ್ಲಿ.

ಅವಳು ಸುಳ್ಳು ಹೇಳಲಿಲ್ಲ. ಸಿಟ್ಟಿನ ಭರದಲ್ಲಿ ನಾನೇ ಒಂದು ಕಟುವಾದ ನೋಟೀಸು ಬರೆದು ಮನೆಮನೆಗೆ ಹಂಚಿಸಿದೆ. ನಮ್ಮ ಮನೆಗೂ ಒಂದು ಬಂತು. ಸಹಿ ಮಾಡಿ ಇಸಿದುಕೊಂಡೆ. ಸದ್ದು ನಿಲ್ಲಲಿಲ್ಲ. ಕಡೆಗೆ ಒಂದು ಮಂಗಳವಾರ ಅರ್ಧ ದಿನ ರಜೆ ಹಾಕಿ, ಅಪರಾಧಿಯನ್ನು ಕೈಯಾರೆ ಹಿಡಿಯಲು ಅಧ್ಯಕ್ಷರ ಜೊತೆ ಹೊರಟೆ.

ಎರಡೂವರೆ. ಬಿಸಿಲಿಗೆ ಮಣ್ಣಿನ ದಾರಿ ಬಿಳುಚಿತ್ತು. ಅಧ್ಯಕ್ಷರು ಬೆರಳೆತ್ತಿ, "ವಿನಂಡಿ, ಕೇಳಿ" ಎಂದರು. ಕೇಳಿದೆ. ಹೌದು, ಬಡಿತ. ನಾವು ಹೆಜ್ಜೆಯ ಸದ್ದಾಗದಂತೆ ಮೊದಲ ಸಾಲು ದಾಟಿದೆವು, ಬಡಿತ ಹತ್ತಿರವಾಯಿತು. ಎರಡನೆಯ ಸಾಲು ದಾಟಿದೆವು, ಇನ್ನೂ ಹತ್ತಿರವಾಯಿತು. "ಧೈರ್ಯ ನೋಡಿ," ಎಂದೆ ನಾನು, ಹಲ್ಲು ಕಡಿಯುತ್ತ, "ಹಗಲು ಹೊತ್ತಿನಲ್ಲೇ!" ಹಿಂದಿನ ಸಾಲಿಗೆ ತಿರುಗಿದೆವು. ಒಂದು ಮನೆ, ಎರಡು ಮನೆ. ಅಧ್ಯಕ್ಷರು ಒಂದು ಗೇಟಿನ ಮುಂದೆ ನಿಂತರು. ಗೇಟಿನ ಮೇಲೆ ನನ್ನ ಹೆಸರಿತ್ತು.

ನಂಬಿದರೆ ನಂಬಿ, ಅಲ್ಲಿ ನಿಂತಾಗಲೂ ನನಗೆ ಮೊದಲು ಹೊಳೆದದ್ದು, ಯಾರೋ ನಮ್ಮ ಮನೆಗೆ ನುಗ್ಗಿ ಕಾರ್ಖಾನೆ ತೆರೆದಿದ್ದಾರೆ ಎಂದು! ಅವ್ವ ದಿನಾ ಆ ಹೊತ್ತಿಗೆ ರಾತ್ರಿಯ ಊಟಕ್ಕೆ ಜೋಳದ ರೊಟ್ಟಿ ಬಡಿಯುತ್ತಾಳೆಂದು ನನಗೆ ಗೊತ್ತಿಲ್ಲವೆ? ಗೊತ್ತು. ಆ ರೊಟ್ಟಿಯನ್ನು ಪುಂಡಿಪಲ್ಯದ ಜೊತೆ ದಿನಾ ತಿನ್ನುವವನೇ ನಾನು. ಭಾನುವಾರ ಪಕ್ಕದ ಕೋಣೆಯಲ್ಲಿ ಅವಳು ಬಡಿಯುತ್ತಿದ್ದರೆ ಹಲ್ಲಿಯ ಹೆಜ್ಜೆ, ಟ್ಯಾಂಕಿನ ಹನಿ, ನನ್ನ ನಾಡಿ ಎಲ್ಲ ಮರೆತು, ಎರಡೂವರೆಯ ಮೇಲೆ ಗೊರಕೆ ಹೊಡೆಯುವವನೂ ನಾನೇ. ಆದರೆ ಅದನ್ನು ಸದ್ದು ಎಂದು ನಾನು ಒಂದು ದಿನವೂ ಎಣಿಸಿರಲಿಲ್ಲ. ನಮ್ಮ ಕಡೆ ಹುಟ್ಟಿದ ಕೂಸು ಕಣ್ಣು ಬಿಡುವ ಮೊದಲೇ ಕೇಳುವುದು ಅದನ್ನು. ಅವ್ವನೂ ಅಷ್ಟೇ. ಏನಾದರೂ ಬಡಿಯುವುದು ಕೇಳುತ್ತದೆಯೇ ಎಂದರೆ ಇಲ್ಲವೆಂದಳು, ಉಸಿರಾಡುವ ಸದ್ದು ಕೇಳುತ್ತದೆಯೇ ಎಂದು ಕೇಳಿದರೆ ಯಾರಾದರೂ ಇಲ್ಲವೆನ್ನುವ ಹಾಗೆ.

ಗೇಟಿನ ಸದ್ದಿಗೆ ಅವ್ವ ಹೊರಗೆ ಬಂದಳು. ಮೊಣಕೈವರೆಗೆ ಹಿಟ್ಟು, ಹಣೆಗೊಂದು ಹಿಟ್ಟಿನ ಗೆರೆ. ಹೊತ್ತಲ್ಲದ ಹೊತ್ತಿನಲ್ಲಿ ಮಗ ದೊಡ್ಡ ಮನುಷ್ಯರನ್ನು ಕರೆದುಕೊಂಡು ಬಂದದ್ದಕ್ಕೆ ಅವಳಿಗೆ ಎಲ್ಲಿಲ್ಲದ ಸಂತೋಷ.

"ಬರ್ರಿ ಬರ್ರಿ, ಒಳಗ ಬರ್ರಿ. ಹಂಚಿನ ಮ್ಯಾಲ ರೊಟ್ಟಿ ಐತಿ, ಬಿಸಿದೊಂದು ತಿಂದು ಹೋಗ್ರಿ."

ಅಧ್ಯಕ್ಷರು ಒಳ್ಳೆಯ ಮನುಷ್ಯರು, ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾಡಿ ಮುಗಿಸುತ್ತಿದ್ದೆ. ಅವರು ಕೈಮುಗಿದು, "ಇನ್ನೊಮ್ಮೆ ಬರುತ್ತೇನಮ್ಮಾ" ಎಂದು, ನನ್ನ ಕಿವಿಯ ಹತ್ತಿರ ಬಗ್ಗಿ ಮೆತ್ತಗೆ, "ನಿಯಮದ ಪ್ರಕಾರ ಏನು ಮಾಡಬೇಕೋ ಮಾಡಿ, ಸೆಕ್ರೆಟರಿಗಾರೂ" ಎಂದರು. ಮೆತ್ತಗೆ ಹೇಳಿದ ಮಾತು ಎಷ್ಟು ಗಟ್ಟಿಯಾಗಿ ಕೇಳುತ್ತದೆ ಎಂಬುದನ್ನು ಶಾಂತ ಕಾಲೋನಿಗಳಲ್ಲಿ ಇದ್ದೇ ತಿಳಿಯಬೇಕು.

ಆಮೇಲೆ ನಾನು ಮಾಡಿದ್ದನ್ನು ಹೇಳಲು ನಾಚಿಕೆಯಾಗುತ್ತದೆ. ಅವ್ವನ ಎದುರು ಕುಳಿತು, ಬಿಸಿ ರೊಟ್ಟಿ ಮುರಿಯುತ್ತ, ಸುತ್ತಿ ಬಳಸಿ ಶುರು ಮಾಡಿದೆ. "ಅವ್ವಾ, ನಾಳಿಂದ ಒಂದೀಟು ದಿನ ಚಪಾತಿ ಮಾಡಿದ್ರ ಹ್ಯಾಂಗ? ಡಾಕ್ಟರು ಸೈತ ನನಗ…"

"ಡಾಕ್ಟರು ಜ್ವಾಳ ಬ್ಯಾಡಂದ್ರ?" ಎಂದು ಅವ್ವ ನನ್ನ ಮುಖ ನೋಡಿದಳು. ಐವತ್ತೆರಡು ವರ್ಷದಿಂದ ನೋಡಿದ ಮುಖ ಅದು. ಸುಳ್ಳು ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ? ಎಲ್ಲ ಹೇಳಿದೆ. ಅವಳು ಕೈ ತೊಳೆದುಕೊಂಡು, ಸೆರಗು ಹೊದ್ದು, "ನಡಿ, ಆ ಬೋರ್ಡ್ ತೋರಸು" ಎಂದಳು. ಅವಳಿಗೆ ತೆಲುಗೂ ಬಾರದು, ಇಂಗ್ಲಿಷೂ ಬಾರದು. ಬಿಸಿಲಲ್ಲಿ ಬೋರ್ಡಿನ ಮುಂದೆ ನಿಂತು ನಾನು ಒಂದೊಂದೇ ಕಲಮನ್ನು ಕನ್ನಡದಲ್ಲಿ ಓದಿ ಹೇಳಿದೆ. ನಾಲ್ಕನೆಯದಕ್ಕೆ ಬಂದಾಗ ಅವಳು, "ಇದನ್ನೊಂದು ಇನ್ನೊಮ್ಮೆ ಓದು" ಎಂದಳು. ಕುಟ್ಟುವ, ಬಡಿಯುವ, ತಟ್ಟುವ, ಜಜ್ಜುವ.

"ಯಾರ ಬರದಾರಿದನ್ನ?"

"ನಾನ ಬರದೀನವ್ವಾ."

"ಭಾಳ ಚಂದ ಬರದೀ ತಮ್ಮಾ," ಎಂದಳು ಅವ್ವ. "ಒಂದೂ ಬಿಟ್ಟಿಲ್ಲ ನೋಡು."

ಮರುದಿನದಿಂದ ಮನೆಯಲ್ಲಿ ಚಪಾತಿ. ಲಟ್ಟಣಿಗೆಗೆ ಸದ್ದಿಲ್ಲ. ಅವ್ವ ರೊಟ್ಟಿ ಬಡಿಯುತ್ತಿದ್ದ ಶಹಾಬಾದ್ ಕಲ್ಲಿನ ಹಲಗೆಯನ್ನು ತೊಳೆದು, ಒರೆಸಿ, ಅಡಿಗೆಮನೆಯ ಗೋಡೆಗೆ ಆನಿಸಿ ನಿಲ್ಲಿಸಿದಳು. ಬೆಳಗ್ಗೆಯೂ ನಾಲ್ಕರ ಮೇಲೂ ಒಲೆ ಸರೋಜಾಳದು, ಪೂಜೆ ಹತ್ತು ನಿಮಿಷದ್ದು, ಟೀವಿಯಲ್ಲಿ ಬರುವುದು ತೆಲುಗು. ಆ ಮನೆಯಲ್ಲಿ ತನ್ನದು ಎಂದು ಅವ್ವನಿಗೆ ಇದ್ದದ್ದು ಮಧ್ಯಾಹ್ನದ ಆ ಒಂದು ತಾಸು. ಅದನ್ನು ಒಬ್ಬ ಮಗ ಸರಿಯಾದ ವಾಕ್ಯರಚನೆಯಲ್ಲಿ ಕಿತ್ತುಕೊಂಡಿದ್ದ. ಮೂರನೆಯ ದಿನ ಸಂಜೆ ನಾನು ಬಂದಾಗ ಅವಳ ಚೀಲ ಪಡಸಾಲೆಯಲ್ಲಿತ್ತು.

"ಆಯಿತವಾರ ವಿಜಾಪುರದ ಗಾಡಿಗೆ ಕುಂಡರಸಿ ಬಿಡು. ನಿಮ್ಮಕ್ಕನ ಮನೀಗೆ ಹೋಗತೀನಿ."

"ಎಷ್ಟ ದಿನಕ್ಕವ್ವಾ?"

"ನೋಡೂಣು."

ನಮ್ಮ ಕಡೆ 'ನೋಡೂಣು' ಎಂದರೆ ಏನೆಂದು ಬಲ್ಲವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಕನ್ಯೆ ಒಪ್ಪದವರೂ ಅದನ್ನೇ ಹೇಳುತ್ತಾರೆ.

ಆ ಸಂಜೆ ಸರೋಜಾ ನನ್ನನ್ನು ಹಿತ್ತಲಿಗೆ ಕರೆದು ತರಾಟೆಗೆ ತೆಗೆದುಕೊಂಡಳು. "ಅತ್ತಿಯವರು ಹ್ವಾದ್ರ ನಾನೂ ಅವರ ಜೋಡಿ ಹೋಗತೀನ್ರಿ. ನೀವು, ನಿಮ್ಮ ಬೋರ್ಡು, ಇಬ್ರೂ ಶಾಂತ ಇರ್ರಿ." ನಾನು ನನಗೆ ತಿಳಿದ ಒಂದೇ ದಾರಿ ಹಿಡಿದೆ: ಪೆನ್ನು ತೆಗೆದೆ. ನಾಲ್ಕನೆಯ ಕಲಮಿಗೆ ಒಂದು ಉಪಕಲಮು, 'ಸಾಂಪ್ರದಾಯಿಕ ವಿಧಾನದಿಂದ ಆಹಾರ ತಯಾರಿಸುವ ಸಂದರ್ಭವನ್ನು ಹೊರತುಪಡಿಸಿ'. ನುಣುಪಾಗಿ ಬಂತು. ಅವ್ವನಿಗೆ ಓದಿ ಹೇಳಿದೆ, ಬಹುಮಾನ ನಿರೀಕ್ಷಿಸುವ ಹುಡುಗನ ಹಾಗೆ.

ಅವಳು ಚೀಲದ ದಾರ ಬಿಗಿಯುತ್ತಲೇ ಕೇಳಿದಳು. "ಅಂದ್ರ ನನಗೊಬ್ಬಾಕಿಗೆ ಸೂಟಿ?"

"ಹೂಂ ಅವ್ವಾ."

"ಮತ್ತ ಎಲ್ಲವ್ವಗ?"

ಎಲ್ಲವ್ವ ಎಂದರೆ ಬುಟ್ಟಿ ಹೊತ್ತು ಬರುವ ತರಕಾರಿಯವಳು. ಈ ಊರವಳೇ, ಎಲ್ಲಮ್ಮ. ಅವ್ವನ ಬಾಯಲ್ಲಿ ಎಲ್ಲವ್ವ. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು, ಆದರೂ ಅರ್ಧ ತಾಸು ಮಾತಾಡುತ್ತಿದ್ದರು. ಮೂರನೆಯ ಕಲಮಿನ ಪ್ರಕಾರ ಮಾರುವವರು ಕೂಗಬಾರದು. "ಆ ಬೋರ್ಡ್ ನಿಂತಾಗಿಂದ ಅಕಿ ಬಾಯಿ ಮುಚಗೊಂಡ ಹೋಗತಾಳ. ಬಂದದ್ದೂ ತಿಳಿಯಂಗಿಲ್ಲ, ಹೋದದ್ದೂ ತಿಳಿಯಂಗಿಲ್ಲ. ಒದರದಿದ್ರ ಪಲ್ಯ ಹ್ಯಾಂಗ ಮಾರೂದಪಾ ಅಕಿ? ನನಗೊಬ್ಬಾಕಿಗೆ ಸೂಟಿ ಬ್ಯಾಡ. ನಾ ಏನು ಮಂತ್ರಿ ತಾಯೇನು?"

ಆಗ ನನಗೆ ಬಂದ ಸಿಟ್ಟು ನನ್ನ ಬದುಕಿನಲ್ಲಿ ಮೊದಲ ಸಲ ಚಿಂತೆಯ ಬೆರಕೆಯಿಲ್ಲದ್ದು. ಅದರಲ್ಲಿ ಹೆಚ್ಚಿನ ಪಾಲು ನನ್ನ ಮೇಲೇ ಇತ್ತು ಎಂಬುದೂ ನಿಜ. ಆದರೂ ನೀವೇ ಹೇಳಿ. ಬೆಳಗ್ಗೆ ಮೂವತ್ತು ಮನೆಗಳಲ್ಲಿ ಮೂವತ್ತು ಮಿಕ್ಸಿಗಳು ಒಮ್ಮೆಗೇ ಅರಚುತ್ತವೆ, ಅದು ಚಟ್ನಿ. ಅಧ್ಯಕ್ಷರ ಮನೆಯ ಬೋರಿನ ಮೋಟಾರು ಮಧ್ಯಾಹ್ನ ಎರಡು ತಾಸು ನರಳುತ್ತದೆ, ಅದು ನೀರು. ದೋಸೆಹಿಟ್ಟಿನ ಗ್ರೈಂಡರು, ಸ್ಕೂಟರಿನ ಕಿಕ್ಕು, ಕುಕ್ಕರಿನ ಸೀಟಿ, ಇವೆಲ್ಲ ಸೌಕರ್ಯ. ಮನುಷ್ಯಳೊಬ್ಬಳ ಎರಡು ಅಂಗೈ ಮಾತ್ರ ಗಲಾಟೆ! ನಾನು ಬರೆದ ಕಲಮಿನಲ್ಲೂ 'ಸಲಕರಣೆಯಿಂದ' ಎಂದು ಇತ್ತಲ್ಲ, ಮಧ್ಯಾಹ್ನದ ಆ ಮೋಟಾರಿನ ಮೇಲೆ ಯಾಕೆ ಒಂದೂ ದೂರು ಬರಲಿಲ್ಲ? ಸದ್ದಿಗೆ ತಂತಿ, ಪ್ಲಗ್ಗು ಇದ್ದರೆ ಕಿವಿಗೆ ಅದು ಪ್ರಗತಿಯಾಗಿ ಕೇಳುತ್ತದೆ. ಬರಿಗೈಯದ್ದಾದರೆ ಅದು ಹಿಂದಿನ ಸಾಲಿನ ಕಳ್ಳ ಕಾರ್ಖಾನೆ. ತಲೆಯ ಮೇಲೆ ಬುಟ್ಟಿ ಹೊತ್ತವಳ ಗಂಟಲಾದರೆ ಇನ್ನೂ ಕಡೆ.

ಇನ್ನು ಆ ಬಡಿತವಾದರೂ ಎಂಥದು! ಕುದಿಯುವ ನೀರಿಗೆ ಹಿಟ್ಟು ಕಲಸಿ, ನಾದಿ, ಉಂಡೆ ಮಾಡಿ ಕಲ್ಲಿನ ಮೇಲಿಟ್ಟು ಬಡಿಯತೊಡಗಿದರೆ ಮೊದಲು ದಪ್ಪನೆಯ ದನಿ. ರೊಟ್ಟಿ ತೆಳ್ಳಗಾದಂತೆ ದನಿಯೂ ತೆಳ್ಳಗಾಗುತ್ತ, ಕೈ ಅಂಚಿಗೆ ಸರಿದಂತೆ ಚುರುಕಾಗುತ್ತ ಹೋಗುತ್ತದೆ. ಹಳೆಯ ಜೋಳವೋ ಹೊಸ ಜೋಳವೋ, ನೀರು ಸರಿಯಾಗಿ ಕುದಿಯಿತೋ ಇಲ್ಲವೋ, ಎಲ್ಲಿ ಬಿರುಕು ಬಿಡುತ್ತಿದೆಯೋ, ಎಲ್ಲ ಆ ಸದ್ದಿನಲ್ಲೇ ಇದೆ. ಊರಲ್ಲಿ ಕಟ್ಟೆಯ ಮೇಲೆ ಕೂತ ಅವ್ವ ಗೋಡೆಯಾಚೆಯ ಮನೆಯ ಸೊಸೆಗೆ, "ಅಂಚ ಹರಿಯಾಕತ್ತೈತಿ ನೋಡಽ" ಎಂದು ಕೂತಲ್ಲಿಂದಲೇ ಕೂಗಿ ಹೇಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಸನತ್‌ನಗರದಲ್ಲಂತೂ ಹಿಂದಿನ ಕಾರ್ಖಾನೆಯ ಪ್ರೆಸ್ಸಿಗೂ ಅವಳ ಕೈಗೂ ಏನೋ ಒಪ್ಪಂದವಿತ್ತು. ಅದು ಒಂದು ತಗಡು ಒತ್ತಿದರೆ ಇವಳು ನಾಲ್ಕು ಬಡಿಯುತ್ತಿದ್ದಳು. ಅಲ್ಲಿ ಹದಿನಾರು ವರ್ಷ ಯಾರೂ ದೂರು ಕೊಡಲಿಲ್ಲ. ಗಲಾಟೆಯವರಿಗೆ ಇನ್ನೊಬ್ಬರ ಗಲಾಟೆಯನ್ನು ಸಹಿಸುವ ಒಂದು ಔದಾರ್ಯವಿರುತ್ತದೆ. ಶಾಂತಿಯಲ್ಲಿ ಬದುಕುವವರಿಗೆ ಆ ಅಭ್ಯಾಸ ತಪ್ಪಿಹೋಗುತ್ತದೆ.

ಭಾನುವಾರ ಬೆಳಗ್ಗೆ ಹತ್ತಕ್ಕೆ ಸಂಘದ ಸಭೆ ಕರೆದೆ. ಗಾಡಿ ಮಧ್ಯಾಹ್ನ. ಬೋರ್ಡನ್ನೇ ತೆಗೆಯಬೇಕೆಂದು ಠರಾವು ಮಂಡಿಸಿದೆ. ಸಭೆಯಲ್ಲಿ ಎದ್ದು ನಿಂತರೆ ನನ್ನ ಮೊಣಕಾಲು ಒಂದೇ ಬಗೆಯಲ್ಲಿ ಮರುಕಳಿಸುವ ಸದ್ದು ಮಾಡುತ್ತವೆ, ಅವತ್ತೂ ಮಾಡಿದವು. ಆದರೂ ಮಿಕ್ಸಿಯಿಂದ ಮೋಟಾರಿನವರೆಗೆ ಎಲ್ಲ ಹೇಳಿದೆ. ನಮ್ಮವ್ವ ಊರಿಗೆ ಹೊರಟು ನಿಂತಿದ್ದಾಳೆ ಎಂಬುದನ್ನೂ ಹೇಳಿದೆ. ಮೂರನೆಯ ಕಲಮು ಎಲ್ಲಮ್ಮನ ಬಾಯಿ ಮುಚ್ಚಿಸಿದ್ದನ್ನೂ ಬಿಡಲಿಲ್ಲ.

ಅಧ್ಯಕ್ಷರು ಕನಿಕರದಿಂದ, "ಸೆಕ್ರೆಟರಿಗಾರೂ, ಅಮ್ಮನವರ ಮೇಲೆ ನಮಗೆಲ್ಲ ಗೌರವ. ಆದರೆ ಮೋಟಾರು ಅಗತ್ಯ" ಎಂದರು.

"ರೊಟ್ಟಿ?"

"ಅದಕ್ಕೆ ಚಪಾತಿ ಇದೆಯಲ್ಲ?"

ಯಾರನ್ನಾದರೂ, ನಿಮಗೆ ತಾಯಿ ಯಾಕೆ, ಚಿಕ್ಕಮ್ಮ ಇದ್ದಾರಲ್ಲ ಎಂದು ಕೇಳಿದ ಹಾಗಿತ್ತು ಅದು. ಕೈ ಎತ್ತಿಸಿದರು. ಬೋರ್ಡು ಇರಲಿ ಎಂದವರು ಹದಿನೇಳು. ತೆಗೆಯಬೇಕು ಎಂದವರು ನಾಲ್ವರು. ನಾನೊಬ್ಬ. ಜಹೀರಾಬಾದಿನ ಕಡೆಯ ಇಬ್ಬರು. ಅವರ ಮನೆಯಲ್ಲೂ ಜೋಳದ ರೊಟ್ಟಿಯೇ, ಬೋರ್ಡು ಬಂದ ಮೇಲೆ ಹೆಂಡಂದಿರು ಬೆಳಗಿನ ಜಾವಕ್ಕೇ ಬಡಿದಿಟ್ಟುಕೊಳ್ಳುತ್ತಿದ್ದರಂತೆ, ಯಾರಿಗೂ ಹೇಳಿರಲಿಲ್ಲ. ನಾಲ್ಕನೆಯವರು ಚಹಾ ಯಾರಿಗೆ ಬೇಕು ಎಂದು ಕೇಳಿದರೆಂದು ತಿಳಿದು ಕೈ ಎತ್ತಿದ್ದ ಒಬ್ಬ ಹಿರಿಯರು; ತಿಳಿದ ಮೇಲೂ ಇಳಿಸಲಿಲ್ಲ, ಅವರ ಉಪಕಾರ ಮರೆಯಲಾರೆ.

ಸೋತವನಿಗೆ ಉಳಿಯುವುದು ರಾಜೀನಾಮೆಯೊಂದೇ. ಅಲ್ಲೇ ಬರೆದುಕೊಟ್ಟೆ, ಅದರಲ್ಲಿ ಒಂದೂ ಉಪಕಲಮು ಹಾಕಲಿಲ್ಲ. ಅಧ್ಯಕ್ಷರು ಅದನ್ನು ಮಡಿಸಿ ಜೇಬಿಗಿಟ್ಟು, "ಹಾಗಾದರೆ ಹೊಸ ಸೆಕ್ರೆಟರಿ ಯಾರಾಗುತ್ತೀರಿ?" ಎಂದು ಸಭೆಯನ್ನು ಕೇಳಿದರು.

ನಮ್ಮ ಕಾಲೋನಿ ಪ್ರಶಾಂತವೆಂದು ನಾನು ಎಷ್ಟೋ ಸಲ ಹೇಳಿದ್ದೇನೆ. ಅದೆಲ್ಲ ಸುಳ್ಳು. ನಿಜವಾದ ಪ್ರಶಾಂತಿ ಇಳಿದದ್ದು ಆ ಪ್ರಶ್ನೆಯ ನಂತರ. ಒಬ್ಬರು ಚಪ್ಪಲಿ ನೋಡಿಕೊಂಡರು, ಒಬ್ಬರು ಆಕಾಶ ನೋಡಿದರು. ಕೆಮ್ಮುವವರು ಕೆಮ್ಮು ನುಂಗಿದರು. ಶಾಂತಿಗಾಗಿ ಎತ್ತಿದ ಹದಿನೇಳು ಕೈಗಳೂ ಜೇಬಿನೊಳಗೆ ಹೋದವು. ಚಂದಾ ಕೇಳಿ ಬೈಸಿಕೊಳ್ಳುವುದು, ನೀರಿನ ಟ್ಯಾಂಕರಿಗೆ ಬೆಳಗ್ಗೆ ಐದಕ್ಕೆ ಕಾಯುವುದು, ಬೀದಿದೀಪಕ್ಕೆ ಅರ್ಜಿ ಹಿಡಿದು ಅಲೆಯುವುದು, ಇದು ಯಾರಿಗೆ ಬೇಕು? "ಮುಂದಿನ ಸಭೆಯಲ್ಲಿ ನೋಡೋಣ" ಎಂದು ಅಧ್ಯಕ್ಷರು ಸಭೆ ಮುಗಿಸಿದರು. ಆ ಮುಂದಿನ ಸಭೆ ಕರೆಯಬೇಕಾದವನೂ ಸೆಕ್ರೆಟರಿಯೇ.

ಮನೆಗೆ ಬಂದಾಗ ಹನ್ನೆರಡಾಗಿತ್ತು. ಅವ್ವ ಊರಿನ ಸೀರೆ ಉಟ್ಟು, ಚೀಲದ ಪಕ್ಕ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು, ಆಗಲೇ ಸ್ಟೇಷನ್ನಿನಲ್ಲಿ ಕೂತವರ ಹಾಗೆ. ಸರೋಜಾ ಬಾಗಿಲಿಗೆ ಒರಗಿದ್ದಳು. ಸೋತೆನೆಂದು ಹೇಳಿದೆ.

"ಎಲ್ಲಾರ ಮುಂದ ಹೇಳಿದೇನು?" ಎಂದಳು ಅವ್ವ.

"ಹೇಳಿದ್ಯವ್ವಾ."

"ಎಲ್ಲವ್ವಂದು?"

"ಅಕಿದೂ ಹೇಳೀನಿ."

"ದನಿ ನಡಗಲಿಲ್ಲ?"

"ನಡಗ್ತು."

"ನಡಗಿದ್ರೂ ಹೇಳಿದಿ," ಎಂದಳು. ಆಮೇಲೆ ಎದ್ದು, ಸೊಸೆಯ ಕಡೆ ತಿರುಗಿ, "ಸರೂ, ನಿನ್ನ ಗಂಡ ಭಾಳ ದಣದಾನ. ಚಪಾತಿ ತಿಂದು ಸೊರಗಿದಂಗ ಕಾಣತಾನ. ಎಸರಿಡು" ಎಂದಳು. ನನಗೆ, "ಅಂಗಿ ಕಳದು ಬಾ. ಜರಡಿ ಹಿಡದು ಹಿಟ್ಟು ಸೋಸು. ಕೆಲಸಿಲ್ಲದಾಂವ ಈಗ ನೀನು."

ವಿಜಾಪುರದ ಗಾಡಿ ಲಿಂಗಂಪಲ್ಲಿ ದಾಟುವ ಹೊತ್ತಿಗೆ ನಾನು ಅಡಿಗೆಮನೆಯ ನೆಲದ ಮೇಲೆ ಕಾಲು ಚಾಚಿ ಜೋಳದ ಹಿಟ್ಟು ಸೋಸುತ್ತಿದ್ದೆ. ಎರಡೂವರೆಗೆ ಸರಿಯಾಗಿ ಬಡಿತ ಶುರುವಾಯಿತು. ಅಭ್ಯಾಸಬಲದಿಂದ ಎದ್ದು ಕಿಟಕಿ ಮುಚ್ಚಹೋದೆ. "ತೆಗಿ ಅದನ್ನ, ಧಗಿ" ಎಂದಳು ಅವ್ವ, ಕೈ ನಿಲ್ಲಿಸದೆ. ತೆಗೆದೆ. ನಾಲ್ಕು ರೊಟ್ಟಿಯಾದ ಮೇಲೆ ಒಂದು ಉಂಡೆಯನ್ನು ನನ್ನ ಮುಂದೆ ತಳ್ಳಿ, "ನೀನೊಂದು ಬಡದ ನೋಡು. ಕಲಮು ಬರದಂಗಲ್ಲ" ಎಂದಳು.

ಬಡಿದೆ. ನನ್ನ ರೊಟ್ಟಿ ಮೂರು ಕಡೆ ಹರಿಯಿತು, ಒಂದು ಕಡೆ ಕಲ್ಲಿಗೆ ಅಂಟಿತು. ಸರೋಜಾ ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. ಸದ್ದಂತೂ ದೇವರಿಗೇ ಪ್ರೀತಿ. ತಾಳವಿಲ್ಲ, ಹದವಿಲ್ಲ, ಯಾರೋ ಬಾಗಿಲು ಮುರಿಯುತ್ತಿದ್ದಾರೆ ಎಂಬಂತಿತ್ತು. ಈಗ ಭಾನುವಾರಕ್ಕೊಮ್ಮೆ ಇದು ನಡೆಯುತ್ತಿದೆ. ಸುಧಾರಿಸುತ್ತಿದೆ ಎಂದು ಅವ್ವ ಮಾತ್ರ ಹೇಳುತ್ತಾಳೆ. ನನ್ನ ಈ ಬಡಿತದ ಮೇಲೆ ಯಾರಾದರೂ ದೂರು ಕೊಟ್ಟರೆ ಅದು ನೂರಕ್ಕೆ ನೂರು ನ್ಯಾಯವಾದದ್ದು. ನಾನೇ ಮೊದಲು ಒಪ್ಪುತ್ತೇನೆ. ಏಳನೆಯ ಕಲಮಿನಂತೆ ಬರಹದಲ್ಲಿ ಕೊಡಲಿ, ಸಂತೋಷ. ಯಾರಿಗೆ ಕೊಡಬೇಕೆಂಬುದನ್ನು ಮಾತ್ರ ಅವರೇ ಯೋಚಿಸಲಿ. ಆ ಚಿಂತೆಯೊಂದನ್ನು ನಾನು ಬಿಟ್ಟಿದ್ದೇನೆ.